ಲಂಡನ್ನಿನಲ್ಲಿ ಒಂದು ಹಗಲು, ಒಂದು ಸುಳ್ಳು

2024ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಐದೂವರೆಗೆ ನಾವು ಮೂವರು ಲಂಡನ್ನಿನ ವಿಕ್ಟೋರಿಯಾ ಕೋಚ್ ನಿಲ್ದಾಣದಲ್ಲಿ ಇಳಿದ್ವಿ. ಇನ್ನೂ ಕತ್ತಲು. ಒಬ್ಬೊಬ್ಬರ ಜೇಬಲ್ಲಿ ಇಪ್ಪತ್ತು ಪೌಂಡು. ಚೀಲದಲ್ಲಿ ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ಬಾಟಲಿ ನೀರು. ವಾಪಸ್ ಬಸ್ಸು ಅದೇ ರಾತ್ರಿ ಹನ್ನೊಂದೂವರೆಗೆ. ನಡುವೆ ಹದಿನೆಂಟು ಗಂಟೆ. ಅಷ್ಟರಲ್ಲಿ ಲಂಡನ್ ನೋಡಿ ಮುಗಿಸಬೇಕು.

ಇಷ್ಟು ಅವಸರ ಯಾಕೆ ಅಂತ ನೀವು ಕೇಳಬಹುದು. ನಾವು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿನ ಉತ್ತರದ ಒಂದು ಊರಿಗೆ ಓದೋಕೆ ಬಂದವರು. ಎರಡು ರಾತ್ರೀನೂ ಬಸ್ಸಲ್ಲೇ ಮಲಗಿದರೆ ರೂಮಿನ ದುಡ್ಡು ಉಳೀತದೆ. ಇದೇನು ನಮಗೆ ಹೊಸದಲ್ಲ. ಡಿಗ್ರಿ ಓದುವಾಗ ಬೆಂಗಳೂರಿನ ಮೆರವಣಿಗೆಗಳಿಗೆ ನಾವು ಹೋದದ್ದೂ ಹೀಗೇ. ರಾತ್ರಿ ರೈಲು, ಬೆಳಗ್ಗೆ ನಲ್ಲೀಲಿ ಮುಖ ತೊಳೆದು ಹಗಲೆಲ್ಲ ಘೋಷಣೆ, ರಾತ್ರಿ ಮತ್ತೆ ರೈಲು. ಅವತ್ತು ಘೋಷಣೆ ಒಂದು ಇರಲಿಲ್ಲ ಅಷ್ಟೆ.

ಮೂವರಲ್ಲಿ ಒಬ್ಬ ಕೆಜಿಎಫ್‌ನವನು. ಮನೇಲಿ ತಮಿಳು, ಬೀದೀಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಒಬ್ಬಳು ಕಲಬುರಗಿ ಕಡೆಯವಳು, ರೊಟ್ಟಿ ಅವಳದೇ. ಇನ್ನೊಬ್ಬ ಚಾಮರಾಜನಗರದ ಕಡೆಯವನು. ಮೂವರೂ ನಮ್ಮ ನಮ್ಮ ಮನೆಯ ಮೊದಲ ಪದವೀಧರರು. ನಮ್ಮಪ್ಪಂದಿರು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದವರು. ಈ ಬರಹ ಮೂವರದೂ. ಬರೆದ ಕೈ ಒಂದು, ಅಷ್ಟೆ.

ಮೊದಲು ಬಕಿಂಗ್‌ಹ್ಯಾಮ್ ಅರಮನೆಗೆ ನಡೆದ್ವಿ. ಹೊರಗಿನಿಂದ ನೋಡೋಕೆ ಕಾಸಿಲ್ಲ. ಕಬ್ಬಿಣದ ಸಲಾಕೆಗೆ ಮುಖ ಒತ್ತಿ ನಿಂತ್ವಿ. ಚಳಿಗೆ ಮೂವರಿಗೂ ಮೂತ್ರ ಒತ್ತರಿಸಿ ಬಂದಿತ್ತು, ಸುತ್ತಮುತ್ತ ಎಲ್ಲೂ ಜಾಗ ಕಾಣಲಿಲ್ಲ. ಆ ಅರಮನೆಯಲ್ಲಿ 775 ಕೋಣೆ ಇದಾವೆ, ಅದರಲ್ಲಿ ಬಾತ್‌ರೂಮುಗಳೇ 78. ಚಾಮರಾಜನಗರದವನು ಫೋನಿನಲ್ಲಿ ಇದನ್ನ ಓದಿ ಹೇಳಿದಾಗ ಕೆಜಿಎಫ್‌ನವನು ನಕ್ಕು, "ನಮ್ಮ ಲೈನಿಗೆಲ್ಲ ಸೇರಿ ಇದ್ದದ್ದು ಒಂದೇ ಸಾಲು ಪಾಯಿಖಾನೆ. ಬಕೆಟ್ಟು ಹೊತ್ತೋಳು ನಮ್ಮಜ್ಜಿ" ಅಂದ. ನಾವು ನಗಲಿಲ್ಲ.

ಕೆಜಿಎಫ್‌ನ ಚಿನ್ನವನ್ನ 1880ರ ದಶಕದಿಂದ ತೆಗೆಸಿದ್ದು ಲಂಡನ್ನಿನ ಕಂಪನಿ. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರಲ್ಲಿ ಮುಚ್ಚಿತು. ಚಿನ್ನ ಹಡಗು ಹತ್ತಿತು, ಸೈನೈಡ್ ಗುಡ್ಡ ಊರಲ್ಲೇ ಉಳೀತು. ಒಣ ಪಾಯಿಖಾನೆಗಳು ಗಣಿ ಮುಚ್ಚಿದ ಮೇಲೂ ಉಳಿದಿದ್ದವು. ಮಲ ಹೊರೋ ಪದ್ಧತಿಯ ವಿರುದ್ಧ ದೇಶದ ತುಂಬ ಚಳವಳಿ ಕಟ್ಟಿದ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಆ ನೆಲದಲ್ಲೇ ಹುಟ್ಟಿದವರು. ನಮ್ಮ ಗೆಳೆಯ ಅರಮನೆಯನ್ನ ಬಹಳ ಹೊತ್ತು ನೋಡಿದ. ತಾತನ ಸಾಮಾನು ಯಾರದೋ ಮನೇಲಿ ಕಂಡವನ ಹಾಗೆ ನೋಡಿದ.

ಅಲ್ಲಿಂದ ಸೇಂಟ್ ಜೇಮ್ಸ್ ಅರಮನೆ ಹತ್ತಿರ. ಕೆಂಪು ಇಟ್ಟಿಗೆಯ ಹಳೇ ಕಟ್ಟಡ, ಪ್ರವಾಸಿಗರು ಅದರ ಮುಂದೆ ಅಷ್ಟಾಗಿ ನಿಲ್ಲೋದಿಲ್ಲ. ನಾವು ನಿಂತ್ವಿ. ದುಂಡು ಮೇಜಿನ ಪರಿಷತ್ತು ಕೂತದ್ದು ಇಲ್ಲಿ. 1931ರಲ್ಲಿ ಬಾಬಾಸಾಹೇಬರೂ ಗಾಂಧೀಜಿಯೂ ಎದುರುಬದುರಾದದ್ದು ಇಲ್ಲಿ. ಅಸ್ಪೃಶ್ಯರ ಪರವಾಗಿ ಮಾತಾಡೋ ಹಕ್ಕು ಯಾರದು ಅನ್ನೋದೇ ಆಗಿನ ಜಗಳ. ನಮ್ಮ ಮಾತು ನಾವೇ ಆಡ್ತೀವಿ, ಬೇರೆಯವರು ಆಡೋದು ಬೇಡ ಅಂತ ಹಟ ಹಿಡಿದವರು ಅವರು. 1932ರ ಆಗಸ್ಟ್ 16ರಂದು ಇಂಗ್ಲೆಂಡಿನ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಪ್ರತ್ಯೇಕ ಮತಕ್ಷೇತ್ರ ಘೋಷಿಸಿದ. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪುಣೆ ಒಪ್ಪಂದ. ಮುಂದಿನದು ನಿಮಗೆಲ್ಲ ಗೊತ್ತು.

ಉದ್ಯಾನ ದಾಟಿ ಪಾರ್ಲಿಮೆಂಟ್ ಚೌಕಕ್ಕೆ ಬಂದರೆ ಅಲ್ಲಿ ಚರ್ಚಿಲ್ ಇದಾನೆ, ಮಂಡೇಲಾ ಇದಾರೆ, 2015ರಿಂದ ಗಾಂಧೀಜಿಯೂ ಇದಾರೆ. ಪಕ್ಕದ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಟಿಕೆಟ್ಟು ಮೂವತ್ತು ಪೌಂಡಿನ ಹತ್ತಿರ. ಅಲ್ಲಿಗೆ ಅದರ ಕತೆ ಮುಗೀತು. ಹೈಗೇಟ್ ಸ್ಮಶಾನದಲ್ಲಿ ಕಾರ್ಲ್ ಮಾರ್ಕ್ಸ್ ಸಮಾಧಿ ನೋಡೋಕೂ ಟಿಕೆಟ್ಟು ಇದೆ ಅಂತ ಗೊತ್ತಾದಾಗ ಬೀದೀಲೇ ಬಿದ್ದು ಬಿದ್ದು ನಕ್ಕಿದ್ವಿ. ಟಿಪ್ಪುವಿನ ಮರದ ಹುಲಿ ಇರೋ ಮ್ಯೂಸಿಯಮ್ಮಿಗೆ ಟಿಕೆಟ್ಟಿಲ್ಲ, ಆದರೆ ದಾರಿ ಬೇರೆ, ಹೊತ್ತಿಲ್ಲ. ಕಾಸಿಲ್ಲದವನ ಪ್ರವಾಸದಲ್ಲಿ ನೋಡಿದ್ದಕ್ಕಿಂತ ಬಿಟ್ಟದ್ದರ ಪಟ್ಟಿಯೇ ಉದ್ದ.

ಪಾರ್ಲಿಮೆಂಟಿನ ಬುಡದಲ್ಲೇ ಥೇಮ್ಸ್ ನದಿ. ಈ ನದಿಯ ಒಂದು ಕತೆಯನ್ನ ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕು. 1858ರ ಬೇಸಿಗೇಲಿ ಇಡೀ ಊರಿನ ಹೇಲು ಈ ನದೀಲಿ ಕೊಳೆತು ಗಬ್ಬು ನಾರಿತು. ಪಾರ್ಲಿಮೆಂಟಿನವರು ಕಿಟಕಿ ಪರದೆಗಳನ್ನ ಸುಣ್ಣದ ಔಷಧೀಲಿ ಅದ್ದಿ ನೇತುಹಾಕಿದರು. ತಡೆಯಲಾಗಲಿಲ್ಲ. ಹದಿನೆಂಟೇ ದಿನದಲ್ಲಿ ಕಾನೂನು ಆಯ್ತು. ಬಜಾಲ್ಜೆಟ್ ಅನ್ನೋ ಎಂಜಿನಿಯರು ನೆಲದಡಿ 82 ಮೈಲಿ ಇಟ್ಟಿಗೆಯ ದೊಡ್ಡ ಚರಂಡಿ ಕಟ್ಟಿಸಿದ. ಅದಕ್ಕೂ ಮೊದಲು ಕಾಲರಾದಲ್ಲಿ ಬಡವರು ಸಾವಿರಗಟ್ಟಲೆ ಸತ್ತಿದ್ದರು, ಆಗ ಈ ಅವಸರ ಇರಲಿಲ್ಲ. ವಾಸನೆ ಆಳೋರ ಮೂಗಿಗೆ ಬಡಿಯಬೇಕಾಯ್ತು. ನಮ್ಮ ದೇಶದಲ್ಲಿ ಮಲ ಹೊರಿಸೋದನ್ನ ನಿಷೇಧಿಸೋ ಕಾನೂನು ಬರೋಕೆ 1993 ಆಗಬೇಕಾಯ್ತು. ಅದು ಸಾಲದೆ 2013ರಲ್ಲಿ ಇನ್ನೊಂದು. ನಮ್ಮಲ್ಲಿ ಆಳೋರ ಮೂಗಿಗೆ ವಾಸನೆ ಬಡಿಯದ ಹಾಗೆ ನಡುವೆ ಒಂದು ಜಾತೀನೇ ನಿಲ್ಲಿಸಿದ್ರಲ್ಲ!

*

ಲ್ಯಾಂಬೆತ್ ಸೇತುವೆ ದಾಟಿದರೆ ಆಚೆ ದಡದಲ್ಲಿ ಬಸವಣ್ಣ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ನದೀತೀರದಲ್ಲಿ ಕಲ್ಲಿನ ಪೀಠದ ಮೇಲಿನ ಪುತ್ಥಳಿ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಕಲಬುರಗಿಯವಳು ಇದನ್ನ ನೋಡಲೇಬೇಕು ಅಂತ ಮೊದಲೇ ಹಟ ಹಿಡಿದಿದ್ದಳು. ಅವರ ಮನೆಯವರದು ಹರಳಯ್ಯನ ಕಸುಬು, ಚರ್ಮದ್ದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಗಿ, ಅದಕ್ಕೆ ಆ ಇಬ್ಬರು ಬೀಗರನ್ನೂ ಎಳೆಸಿ ಕೊಲ್ಲಿಸಿದ ಕತೆ ಅವಳಿಗೆ ಅವರವ್ವ ಹೇಳಿದ್ದು, ಪುಸ್ತಕ ಹೇಳಿದ್ದಲ್ಲ. ಚಪ್ಪಲಿ ಬಿಟ್ಟು ಕೈಮುಗಿದಳು. ಆ ಚಳಿಯಲ್ಲಿ.

ಹಿಂದಿನಿಂದ ಯಾರೋ, "ಅಯ್ಯೋ, ಕನ್ನಡದೋರಾ!" ಅಂದರು.

ಒಂದು ಕುಟುಂಬ. ಗಂಡ, ಹೆಂಡತಿ, ಎರಡು ಮಕ್ಕಳು. ಬೆಂಗಳೂರಿನಿಂದ ಕೆಲಸದ ಮೇಲೆ ಬಂದು ಲಂಡನ್ನಿನಲ್ಲೇ ನೆಲೆ ನಿಂತವರು. ಎಷ್ಟು ಸಂತೋಷಪಟ್ಟರು ಅಂತೀರಿ! ಆಯಮ್ಮ ಡಬ್ಬಿ ತೆಗೆದು ಚಕ್ಕುಲಿ ಕೊಟ್ಟರು. "ತಗೊಳ್ಳಮ್ಮ, ಇನ್ನೊಂದು ತಗೋ. ಎಷ್ಟು ಸೊರಗಿದೀಯ" ಅಂತ ನಮ್ಮ ಹುಡುಗಿಯ ಕೈಗೇ ಹಾಕಿದರು. ಅವರು ಕೆಟ್ಟವರಲ್ಲ. ಇದನ್ನ ಮೊದಲೇ ಹೇಳಬೇಕು.

"ಯಾವ ಕಡೆಯವರಪ್ಪ?" ಅಂತ ಆ ಯಜಮಾನರು ಕೇಳಿದರು.

"ಕೋಲಾರ, ಕಲಬುರಗಿ, ಚಾಮರಾಜನಗರ, ಸಾರ್."

"ಅದು ಊರಾಯ್ತು. ನೀವು ಯಾವ ಪೈಕಿ?"

ಗೆಳೆಯರೇ, ಈ ಪ್ರಶ್ನೆ ನಿಮಗೆ ಗೊತ್ತು. ಬಾಡಿಗೆ ಮನೆ ಕೇಳೋಕೆ ಹೋದಾಗ ಗೊತ್ತು. ಹೊಸ ಸ್ಕೂಲಿಗೆ ಮೇಷ್ಟ್ರಾಗಿ ಹೋದ ಮೊದಲ ದಿನ, ಊರ ಗೌಡರ ಜಗಲಿ ಮುಂದೆ ನಿಂತಾಗ ಗೊತ್ತು. ಅದು ನಗುನಗುತ್ತಲೇ ಬರ್ತದೆ. ಯಾರನ್ನೂ ಯಾರವನೆಂದು ಕೇಳಬೇಡಿ ಅಂತ ಹೇಳಿಹೋದವನ ಮುಂದೆ ನಿಂತು, ಪೂಜೆಗೆ ಹೂ ಹಿಡಿದ ಕೈಯಲ್ಲೇ ಅವರು ಅದನ್ನ ಕೇಳಿದರು.

ನಮ್ಮಲ್ಲೊಬ್ಬರ ಬಾಯಿಂದ ಬಂತು: "ಗೌಡ್ರು, ಸಾರ್."

ಯಾರ ಬಾಯಿ ಅಂತ ಇಲ್ಲಿ ಬರೆಯೋದಿಲ್ಲ. ಒಬ್ಬರು ಹೇಳಿದರು, ಇಬ್ಬರು ಸುಮ್ಮನಿದ್ದರು. ಸುಳ್ಳು ಮೂವರದೂ.

"ಹಾಗನ್ನಿ ಮತ್ತೆ" ಅಂತ ಯಜಮಾನರು ಮೂವರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಕೊಂಡರು. ಫೋನ್ ನಂಬರ್ ತಗೊಂಡರು, ತಮ್ಮದು ಕೊಟ್ಟರು. "ಮುಂದಿನ ಸಲ ಬಂದರೆ ಹೋಟೆಲ್ಲು ಗೀಟೆಲ್ಲು ಬೇಡ, ನಮ್ಮನೆಗೇ ಬನ್ನಿ ಊಟಕ್ಕೆ" ಅಂದರು. ಅವರು ಯಾವ ಪೈಕಿ ಅಂತ ನಾವು ಕೇಳಲಿಲ್ಲ. ನಮಗೆ ಆ ಪ್ರಶ್ನೆ ಕೇಳೋ ಅಭ್ಯಾಸ ಇಲ್ಲ, ಉತ್ತರ ಹೇಳೋ ಅಭ್ಯಾಸ ಮಾತ್ರ.

ಅವರು ಹೋದ ಮೇಲೆ ಕೈಯಲ್ಲಿ ಅರ್ಧ ಚಕ್ಕುಲಿ ಉಳಿದಿತ್ತು. ಯಾರೂ ಬಾಯಿಗೆ ಇಡಲಿಲ್ಲ, ಬಿಸಾಕಲೂ ಇಲ್ಲ. ನಮ್ಮ ಮನೆಗಳಲ್ಲಿ ತಿನ್ನೋ ಪದಾರ್ಥ ಬಿಸಾಕೋದಿಲ್ಲ.

ಬೆಂಗಳೂರಲ್ಲಿ ಇಂಥ ಸುಳ್ಳು ಹೇಳಿದ್ದರೆ ಅದಕ್ಕೆ ಒಂದು ಲೆಕ್ಕ ಇರ್ತಿತ್ತು. ತಲೆ ಮೇಲೊಂದು ಸೂರು ಬೇಕು, ಮಳೆಗಾಲ, ಹೇಳಿದ್ವಿ. ಇಲ್ಲಿ ಏನು ಬೇಕಿತ್ತು? ಅವರು ನಮ್ಮ ಮನೆ ಓನರಲ್ಲ, ಕೆಲಸ ಕೊಟ್ಟವರಲ್ಲ. ಒಂದು ಚಕ್ಕುಲಿಗಾಗಿ? ಅಲ್ಲ. ಪ್ರಶ್ನೆ ಬಂದ ಕೂಡಲೆ ಬೆನ್ನು ತಾನಾಗೇ ಬಗ್ಗಿತು. ನಮ್ಮ ವೀಸಾಕ್ಕೆ ಎಷ್ಟೊಂದು ಕಾಗದ ಕೇಳಿದ್ದರು! ನಮ್ಮೊಳಗಿನ ಭಯ ಮಾತ್ರ ಒಂದು ಕಾಗದವೂ ಇಲ್ಲದೆ ಗಡಿ ದಾಟಿ ಬಂದಿತ್ತು.

ಕಾನೂನು ಇದ್ದಿದ್ದರೆ ಧೈರ್ಯ ಬರ್ತಿತ್ತೋ ಏನೋ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲಿ ಜಾತಿ ತಾರತಮ್ಯವನ್ನೂ ಸೇರಿಸಬಹುದು ಅಂತ ಒಂದು ಕಲಮು ಇತ್ತು. 2013ರಲ್ಲಿ ಪಾರ್ಲಿಮೆಂಟು ಸೇರಿಸಲೇಬೇಕು ಅಂದಿತು. ಇಲ್ಲಿನ ಕೆಲವು ಹಿಂದೂ ಸಂಘಟನೆಗಳು ವಿರೋಧ ಮಾಡಿದವು. 2018ರಲ್ಲಿ ಸರ್ಕಾರ, ಪ್ರತ್ಯೇಕ ಕಾನೂನು ಬೇಡ, ಕೋರ್ಟಿನ ತೀರ್ಪುಗಳೇ ಸಾಕು ಅಂತ ಕೈಬಿಟ್ಟಿತು. ನದಿ ಆಚೆ ಎದುರಿಗೇ ಕಾಣೋ ಅದೇ ಕಟ್ಟಡ. ಈ ವಾಸನೆ ಅವರ ಮೂಗಿಗೆ ಇನ್ನೂ ಬಡಿದಿರಲಿಲ್ಲ.

*

ಪಾರ್ಲಿಮೆಂಟಿನ ಹತ್ತಿರ 24ನೇ ನಂಬರ್ ಬಸ್ಸು ಹತ್ತಿದ್ವಿ. ಒಂದು ಸಲಕ್ಕೆ 1.75 ಪೌಂಡು, ನಮ್ಮ ದುಡ್ಡಲ್ಲಿ ನೂರ ಎಂಬತ್ತು ರೂಪಾಯಿ ಚಿಲ್ಲರೆ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿಗೆ ಏರಿತು. ಒಂದು ಸಲ ಬಸ್ ಹತ್ತಿದರೆ ಅಪ್ಪನ ಅರ್ಧ ದಿನದ ಬೆವರು. ಮಹಡಿ ಬಸ್ಸಿನ ಮೇಲ್ಗಡೆ ಮುಂದಿನ ಸೀಟಲ್ಲಿ ಕೂತ್ವಿ. ಟ್ರಾಫಾಲ್ಗರ್ ಚೌಕ, ಸಿಂಹಗಳು, ನಾಟಕಶಾಲೆಗಳು ಹಿಂದಕ್ಕೆ ಓಡಿದವು. ಮೂವರಲ್ಲಿ ಒಬ್ಬರೂ ಮಾತಾಡಲಿಲ್ಲ.

ಬ್ರಿಟಿಷ್ ಮ್ಯೂಸಿಯಮ್ಮಿಗೆ ಪುಕ್ಕಟೆ ಪ್ರವೇಶ. ಚೀಲ ನೋಡಿ ಒಳಗೆ ಬಿಟ್ಟರು. ಊರ ದೇವಸ್ಥಾನದ ಮೆಟ್ಟಿಲು ಹತ್ತದವರ ಮಕ್ಕಳನ್ನ ಲೋಕದ ದೇವರುಗಳೆಲ್ಲ ಒಟ್ಟಿಗಿರೋ ಮನೆಗೆ ಬಿಟ್ಟರು, ಯಾವ ಪೈಕಿ ಅಂತ ಕೇಳದೆ. ಆ ದೇವರುಗಳನ್ನ ಅಲ್ಲಿಗೆ ತಂದದ್ದು ಹೇಗೆ ಅನ್ನೋದು ಬೇರೆ ಪ್ರಶ್ನೆ. ಎರಡೂ ನಿಜ.

ಹೊತ್ತು ಕಡಿಮೆ ಅಂತ ನೇರ ಅಮರಾವತಿಯ ಕಲ್ಲುಗಳ ಕೋಣೆಗೆ ಹೋದ್ವಿ. ಆಂಧ್ರದಲ್ಲಿ ಕೃಷ್ಣಾ ನದಿ ದಂಡೆಯ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಶಿಲ್ಪಗಳು, ನೂರಕ್ಕೂ ಹೆಚ್ಚು. ನಮ್ಮೂರ ಕಡೆಯಿಂದಲೇ ಹರಿದುಹೋಗೋ ನದಿ. ಕಲಬುರಗಿಯವಳ ಊರ ಸೀಮೇಲಿ ಭೀಮಾ ದಂಡೆಯ ಸನ್ನತಿಯಲ್ಲೂ ಅಂಥದೇ ಸ್ತೂಪ ಸಿಕ್ಕಿದೆ, ಅಲ್ಲಿ ಅಶೋಕನ ಹೆಸರು ಕೆತ್ತಿದ ಅಶೋಕನ ಚಿತ್ರವೇ ಇದೆ. ಅಮರಾವತೀಲಿ ಜನ ಈ ಕಲ್ಲುಗಳನ್ನ ಮನೆ ಕಟ್ಟೋಕೆ ಒಯ್ದರು, ಸುಟ್ಟು ಸುಣ್ಣ ಮಾಡಿದರು. 1845ರಲ್ಲಿ ವಾಲ್ಟರ್ ಎಲಿಯಟ್ ಅನ್ನೋ ಅಧಿಕಾರಿ ಅಗೆಸಿ ಮದ್ರಾಸಿಗೆ ಸಾಗಿಸಿದ. ಅಲ್ಲಿಂದ ಲಂಡನ್ನಿಗೆ ಬಂದು, 1880ರಲ್ಲಿ ಈ ಮ್ಯೂಸಿಯಮ್ ಸೇರಿದವು. ನಮ್ಮವರು ಸುಟ್ಟರು, ಅವರು ಹೊತ್ತರು. ಬುದ್ಧ ಇಲ್ಲಿ ಗಾಜಿನ ಹಿಂದೆ ಬೆಚ್ಚಗಿದಾನೆ. ಹಳೇ ಫಲಕಗಳಲ್ಲಿ ಬುದ್ಧನ ಮೈ ಕೆತ್ತಿಲ್ಲ, ಎರಡು ಪಾದದ ಗುರುತು ಮಾತ್ರ ಇದೆ. ಆ ಪಾದಗಳ ಮುಂದೆ ಚಾಮರಾಜನಗರದವನು ನೆಲದ ಮೇಲೆ ಕೂತುಬಿಟ್ಟ. ಕಾವಲಿನವನು ಏನೂ ಅನ್ನಲಿಲ್ಲ.

ಈ ಕಟ್ಟಡದ ನಡುವೆ 1857ರಲ್ಲಿ ತೆರೆದ ದುಂಡನೆ ಓದುಮನೆ ಇದೆ. ಮಾರ್ಕ್ಸ್ ಕೂತು ಬರೆದ ಜಾಗ. ಟಿಕೆಟ್ಟಿಲ್ಲದೆ ಮಾರ್ಕ್ಸ್‌ಗೆ ನಾವು ಹತ್ತಿರ ಹೋದದ್ದು ಅಷ್ಟೆ. ಬಾಬಾಸಾಹೇಬರು ಓದಿದ್ದೂ ಇಲ್ಲೇ, ಬಾಗಿಲು ತೆಗೆದಾಗ ಬಂದು ಮುಚ್ಚೋವರೆಗೆ. ಪುಸ್ತಕಗಳನ್ನ 1990ರ ದಶಕದ ಕೊನೇಲಿ ಸೇಂಟ್ ಪ್ಯಾಂಕ್ರಾಸ್‌ನ ಹೊಸ ಗ್ರಂಥಾಲಯಕ್ಕೆ ಸಾಗಿಸಿದರು. ನಾವು ಹೋದಾಗ ಓದುಮನೆ ಮುಚ್ಚಿತ್ತು. ಹೊರಗಿನ ಬಿಳೀ ಗೋಡೆಗೆ ಅಂಗೈ ಇಟ್ಟು ಒಂದು ಸುತ್ತು ಬಂದ್ವಿ, ಗುಡಿ ಸುತ್ತೋರ ಹಾಗೆ.

*

ಮತ್ತೆ 24ನೇ ನಂಬರು. ಕ್ಯಾಮ್‌ಡೆನ್ ದಾಟಿ ಚಾಕ್ ಫಾರ್ಮ್ ರಸ್ತೇಲಿ ಇಳಿದು, ರೈಲು ಸೇತುವೆ ದಾಟಿದರೆ ಕಿಂಗ್ ಹೆನ್ರಿ ರಸ್ತೆ. ಸಾಲುಮನೆ, ಸದ್ದಿಲ್ಲದ ಬೀದಿ. ಹತ್ತನೇ ನಂಬರಿನ ಮನೆಯ ಗೋಡೆ ಮೇಲೆ ನೀಲಿ ಬಿಲ್ಲೆ: ಡಾಕ್ಟರ್ ಭೀಮರಾವ್ ರಾಮ್‌ಜಿ ಅಂಬೇಡ್ಕರ್ 1921-22ರಲ್ಲಿ ಇಲ್ಲಿದ್ದರು ಅಂತ. 2015ರಲ್ಲಿ ಈ ಮನೆಯನ್ನ ಮಹಾರಾಷ್ಟ್ರ ಸರ್ಕಾರ ಕೊಂಡಿತು. ಮನೇನ ಮ್ಯೂಸಿಯಮ್ ಮಾಡೋಕೆ ಸ್ಥಳೀಯ ಕೌನ್ಸಿಲ್ ಒಪ್ಪಿರಲಿಲ್ಲ. ಜನ ಬಂದು ಗಲಾಟೆ ಆಗ್ತದೆ ಅನ್ನೋ ದೂರೂ ಇತ್ತು. 2020ರಲ್ಲಿ ಇಲ್ಲಿನ ಸರ್ಕಾರವೇ ಅನುಮತಿ ಕೊಟ್ಟಿತು.

ಬೆಲ್ ಒತ್ತೋಕೆ ಮೂವರೂ ಹಿಂದೆಮುಂದೆ ನೋಡಿದ್ವಿ. ಬಾಗಿಲು ತೆರೀತು. ಟಿಕೆಟ್ಟಿಲ್ಲ. ಒಳಗೆ ಗೋಡೆ ತುಂಬ ಫೋಟೋ, ಒಂದು ಕೋಣೇಲಿ ಮಂಚ, ಹಿತ್ತಲಲ್ಲಿ ಪುತ್ಥಳಿ.

ಅವರು ಮೊದಲು ಲಂಡನ್ನಿಗೆ ಬಂದದ್ದು 1916ರಲ್ಲಿ. ಬರೋಡಾದ ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಓದು ಅರ್ಧಕ್ಕೇ ಬಿಟ್ಟು ಹಿಂದಿರುಗಬೇಕಾಯ್ತು. ಬೊಂಬಾಯಿಯ ಕಾಲೇಜಿನಲ್ಲಿ ಪಾಠ ಹೇಳಿ ಕಾಸು ಕೂಡಿಟ್ಟು, ಗೆಳೆಯನ ಹತ್ತಿರ ಸಾಲ ಮಾಡಿ, 1920ರಲ್ಲಿ ಮತ್ತೆ ಬಂದರು. 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಬರೆದು ಡಿಎಸ್ಸಿ ಪಡೆದರು. ಲಂಡನ್ನಿನಲ್ಲಿ ಬೆಳಗ್ಗೆ ಒಂದು ಚೂರು ಬ್ರೆಡ್ಡು, ರಾತ್ರಿ ಹಸಿವು ತಡೆಯದೆ ತಗಡಿನ ಮೇಲೆ ಸುಟ್ಟ ಹಪ್ಪಳ ಅಂತ ಅವರ ಜೀವನಚರಿತ್ರೇಲಿ ಬರ್ತದೆ. ಕಾಸು ಉಳಿಸೋಕೆ ನಡೆದೇ ಹೋಗ್ತಿದ್ದರು. ಆ ಕಡೆ ಬೊಂಬಾಯಿನಲ್ಲಿ ರಮಾಬಾಯಿ ಅರೆಹೊಟ್ಟೇಲಿ ಸಂಸಾರ ತೂಗ್ತಿದ್ದರು. ನಾವು ಮಹಡಿ ಬಸ್ಸಿನ ಮೇಲ್ಗಡೆ ಕೂತು ಬಂದ ದಾರಿ ಅವರು ಕಾಲಲ್ಲಿ ಅಳೆದದ್ದು.

ಅಲ್ಲೊಂದು ಸಂದರ್ಶಕರ ಪುಸ್ತಕ ಇತ್ತು. ಹಿಂದಿನ ಪುಟಗಳಲ್ಲಿ ಮರಾಠಿ, ಹಿಂದಿ, ಪಂಜಾಬಿ, ಇಂಗ್ಲಿಷು. ಪೆನ್ನು ಹಿಡಿದವರ ಕೈ ನಿಂತಿತು. ಬೆಳಗಿನ ಸುಳ್ಳು ಮೂವರ ಗಂಟಲಲ್ಲೂ ಹಾಗೇ ಇತ್ತು.

"ಜಾತಿ ಸೇರಿಸಿಯೇ ಬರೆಯಾನ ಕನಾ" ಅಂದ ಚಾಮರಾಜನಗರದವನು.

"ಜಾತಿ ನಾಶ ಆಗಬೇಕು ಅಂದೋರ ಮನೇಲಿ ಜಾತಿ ಬರೆಯೋದಾ?" ಅಂದ ಕೆಜಿಎಫ್‌ನವನು. ಅವನ ಮಾತಲ್ಲೂ ನ್ಯಾಯ ಇತ್ತು. "ನಾವು ಜಾತಿ ಬಿಟ್ಟೋರು ಅಂತ ಬರೆದರೆ ಸಾಕಲ್ವಾ?"

ಕಲಬುರಗಿಯವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂಜಾನಿ ನಾವು ಜಾತಿ ಬಿಟ್ಟಿದ್ದಿಲ್ಲೋ, ಮುಚ್ಚಿಟ್ಟಿದ್ವಿ. ಮುಚ್ಚಿಟ್ಟದ್ದನ್ನ ಬಿಟ್ಟೀವಿ ಅಂತ ಹೆಂಗ್ ಹೇಳೂದು? ಮೊದಲು ತೆಗೆದು ಹೊರಗ ಇಡೂಣು. ಬಿಡೂದು ಆಮ್ಯಾಲ" ಅಂದಳು.

ಕನ್ನಡದಲ್ಲೇ ಬರೆದ್ವಿ. ಮೂರು ಹೆಸರು, ಮೂರು ಊರು, ಮೂರು ಕೇರಿ. ಅಪ್ಪ ಅವ್ವ ಮಾಡೋ ಕೆಲಸ. ಬಕೆಟ್ಟು ಹೊತ್ತ ಅಜ್ಜಿಯ ಹೆಸರು. ಅಂಕಣದಲ್ಲಿ ಜಾಗ ಸಾಲದೆ ಅಂಚಿಗೂ ಹೋಯ್ತು.

ಅಲ್ಲಿಂದ ಪಕ್ಕದ ಪ್ರಿಮ್‌ರೋಸ್ ಗುಡ್ಡ ಹತ್ತಿದ್ವಿ. ಇಡೀ ಲಂಡನ್ನನ್ನ ಪುಕ್ಕಟೆ ನೋಡೋಕೆ ಅಷ್ಟು ಒಳ್ಳೇ ಜಾಗ ಇನ್ನೊಂದು ನಮಗೆ ಗೊತ್ತಿಲ್ಲ. ಹೊತ್ತು ಮುಳುಗ್ತಿತ್ತು. ದೀಪ ಹತ್ತಿಕೊಂಡವು. ಹುಲ್ಲಿನ ಮೇಲೆ ಕೂತು ರೊಟ್ಟಿ ಮುರಿದ್ವಿ. ಬೆಳಗಿನ ಅರ್ಧ ಚಕ್ಕುಲೀನೂ ತೆಗೆದು ಮೂವರೂ ಹಂಚಿಕೊಂಡು ತಿಂದ್ವಿ. ಆಮೇಲೆ ಫೋನಿನಲ್ಲಿ ಆ ಯಜಮಾನರ ನಂಬರಿಗೆ ಬರೆದ್ವಿ:

"ಸಾರ್, ಬೆಳಗ್ಗೆ ಬಸವಣ್ಣನ ಮುಂದೆ ನಾವು ಹೇಳಿದ್ದು ಸುಳ್ಳು. ನಾವು ಗೌಡರಲ್ಲ. ಮೂವರೂ ಕೇರಿಯವರು, ದಲಿತರು. ಸುಳ್ಳು ಹೇಳಿದ್ದು ನಮ್ಮ ತಪ್ಪು. ಚಕ್ಕುಲಿ ಚೆನ್ನಾಗಿತ್ತು, ಅಮ್ಮನಿಗೆ ಹೇಳಿ. ಊಟಕ್ಕೆ ಕರೆದದ್ದು ಇನ್ನೂ ಹಾಗೇ ಇದ್ದರೆ ಖಂಡಿತ ಬರ್ತೀವಿ."

ಕಳಿಸೋ ಗುಂಡಿ ಒತ್ತೋಕೆ ಮೂವರ ಬೆರಳೂ ಒಟ್ಟಿಗೆ ಇಟ್ವಿ. ಮಕ್ಕಳಾಟದ ಹಾಗೆ ಕಾಣಬಹುದು. ಅವತ್ತಿನ ಹದಿನೆಂಟು ಗಂಟೇಲಿ ನಾವು ಮಾಡಿದ ಕೆಲಸ ಅಂದರೆ ಅದೊಂದೇ. ಮಿಕ್ಕಿದ್ದು ನೋಡಿದ್ದು.

ಓದಿದರು ಅಂತ ಗುರುತು ಬಂತು. ಉತ್ತರ ಬರಲಿಲ್ಲ. ಹನ್ನೊಂದೂವರೆ ಬಸ್ಸಲ್ಲಿ ಫೋನು ಕೈಯಲ್ಲಿ ಹಿಡಿದೇ ನಿದ್ದೆ ಹೋದ್ವಿ. ಜೇಬಲ್ಲಿ ಒಬ್ಬೊಬ್ಬರದೂ ಹನ್ನೊಂದು ಪೌಂಡು ಉಳಿದಿತ್ತು. ಮಾರನೇ ದಿನ ಊರಿಂದ ಅವ್ವ ಫೋನು ಮಾಡಿ, "ಲಂಡನ್ನಲ್ಲಿ ಏನೇನ್ ನೋಡ್ದೆ ಮಗ?" ಅಂತ ಕೇಳಿದಾಗ ರಾಣಿ ಅರಮನೆ ಅಂದ್ವಿ, ನದಿ ಅಂದ್ವಿ, ಬಾಬಾಸಾಹೇಬರ ಮನೆ ಅಂದ್ವಿ. ಸುಳ್ಳಿನ ಸುದ್ದಿ ಹೇಳಲಿಲ್ಲ. ಅದನ್ನ ನಿಮಗೆ ಹೇಳ್ತಾ ಇದೀವಿ.

ಈ ಬರಹ ಅಚ್ಚಿಗೆ ಕೊಡೋವರೆಗೂ ಆ ಯಜಮಾನರ ಉತ್ತರ ಬಂದಿಲ್ಲ. ಬಂದರೆ ಬರೀತೀವಿ.

ಮುಂದೆ ಆ ಊರಿಗೆ ಹೋಗೋ ತಮ್ಮಂದಿರೇ, ತಂಗಿಯರೇ, ಹಾಸ್ಟೆಲ್ಲಿನಲ್ಲಿ ಕೂತು ಇದನ್ನ ಓದ್ತಿರೋರೇ: ದುಡ್ಡು ಕಡಿಮೆ ಅಂತ ಹೆದರಬೇಡಿ, 24ನೇ ನಂಬರ್ ಬಸ್ಸು ಹತ್ತಿ, ರೊಟ್ಟಿ ಕಟ್ಟಿಕೊಳ್ಳಿ. ಆ ಪ್ರಶ್ನೆ ಅಲ್ಲೂ ಬರ್ತದೆ, ನಗುನಗುತ್ತಾ, ಚಕ್ಕುಲಿ ಜೊತೆಗೇ ಬರ್ತದೆ. ಅದಕ್ಕೆ ಉತ್ತರವನ್ನೂ ರೊಟ್ಟಿ ಜೊತೆ ಮನೆಯಿಂದಲೇ ಕಟ್ಟಿಕೊಂಡು ಹೋಗಿ.